ದೊಡ್ಡಮ್ಮನಿಗೆ ಅಸಿಸ್ಟೆಡ್ ಲಿವಿಂಗ್ (ಹಿರಿಯರು ಅಲ್ಲೇ ಇದ್ದು ದಿನದ ಕೆಲಸಗಳಿಗೆ ಸಹಾಯ ಪಡೆಯುವ ಜಾಗ) ನೋಡುತ್ತಿದ್ದೇನೆ. ಏನು ತಟ್ಟಿ ನೋಡಬೇಕು?

ಅರ್ಧಚಂದ್ರ:
ನಮ್ಮ ದೊಡ್ಡಮ್ಮನಿಗೆ 79. ಮಕ್ಕಳಿಲ್ಲ. ದೊಡ್ಡಪ್ಪ ಹೋಗಿ ಆರು ವರ್ಷ ಆಯಿತು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ನನ್ನನ್ನು ಸಾಕಿದ್ದು ಅವರೇ. ಈಗ ಒಬ್ಬರೇ ಇದ್ದಾರೆ. ನಾಲ್ಕು ತಿಂಗಳಲ್ಲಿ ಎರಡು ಸಲ ಬಿದ್ದರು. ಎರಡನೇ ಸಲ ಬಚ್ಚಲಲ್ಲಿ ಬಿದ್ದು, ಏಳಲಾಗದೆ ಮೂರು ಗಂಟೆ ಹಾಗೇ ಇದ್ದರಂತೆ. ಫೋನು ಮಂಚದ ಮೇಲಿತ್ತು. ಮೂಳೆ ಮುರಿದಿಲ್ಲ, ಪುಣ್ಯ.

ನಮ್ಮ ಮನೆಗೆ ಬನ್ನಿ ಅಂದರೆ ಒಪ್ಪುವುದಿಲ್ಲ. ಬಂದರೂ ಕಷ್ಟವೇ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ನಾನೂ ಹೆಂಡತಿಯೂ ಬೆಳಿಗ್ಗೆ ಹೊರಟರೆ ಸಂಜೆಯೇ ಬರುವುದು.

ಹೋದ ವಾರ ಎರಡು ಜಾಗ ನೋಡಿ ಬಂದೆ. ಮೊದಲನೆಯದು ದೊಡ್ಡ ಹೋಟೆಲ್ ಥರ ಇದೆ. ಬಾಗಿಲಲ್ಲೇ ಕಾರಂಜಿ, ಒಳಗೆ ಪಿಯಾನೋ, ನೆಲ ಕನ್ನಡಿ ಹಾಗೆ. ಮ್ಯಾನೇಜರ್ ಬಹಳ ಚೆನ್ನಾಗಿ ಮಾತಾಡಿದರು. ಎರಡನೆಯದು ಚಿಕ್ಕದು, ಹಳೇ ಕಟ್ಟಡ, ಗೋಡೆಯ ಬಣ್ಣ ಕಿತ್ತಿದೆ. ಆದರೆ ಕೆಲಸದವರು ಅಲ್ಲಿದ್ದ ಹಿರಿಯರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು.

ಮನೆ ಕೊಳ್ಳುವಾಗ ನಲ್ಲಿ ತಿರುಗಿಸಿ ನೋಡುತ್ತೇವೆ, ಗೋಡೆ ತಟ್ಟಿ ನೋಡುತ್ತೇವೆ. ಇಲ್ಲಿ ಏನು ತಟ್ಟಿ ನೋಡಬೇಕು? ಅನುಭವ ಇರುವವರು ಹೇಳಿ. ತಲೆ ಕೆಟ್ಟುಹೋಗಿದೆ.

ಕೊನೆ ಬೆಂಚು:
ಪಿಯಾನೋ ಯಾರು ನುಡಿಸುತ್ತಿದ್ದರು?

ಅರ್ಧಚಂದ್ರ:
ಯಾರೂ ಇಲ್ಲ.

ಕೊನೆ ಬೆಂಚು:
ಗೊತ್ತಿತ್ತು.

ರಾತ್ರಿ ಪಾಳಿ:
ಇಂಥ ಜಾಗಗಳಲ್ಲಿ 19 ವರ್ಷ ನರ್ಸ್ ಆಗಿದ್ದೆ, ಅದರಲ್ಲಿ ಹೆಚ್ಚಿನದು ರಾತ್ರಿ ಡ್ಯೂಟಿ. ಹಗಲು ನೋಡಿದರೆ ಏನೂ ಗೊತ್ತಾಗಲ್ಲ ಕಣ್ರೀ. ಹಗಲು ಎಲ್ಲ ಜಾಗವೂ ಚೆನ್ನಾಗಿಯೇ ಇರುತ್ತದೆ.

ಮೊದಲು ಇದನ್ನು ಕೇಳಿ: ರಾತ್ರಿ ಎರಡು ಗಂಟೆಗೆ ಎಷ್ಟು ಜನ ಎಚ್ಚರ ಇರುತ್ತಾರೆ? "24 ಗಂಟೆಯೂ ಸಿಬ್ಬಂದಿ ಇದ್ದಾರೆ" ಅನ್ನುತ್ತಾರೆ. ಇರುವುದು ಬೇರೆ, ಎಚ್ಚರ ಇರುವುದು ಬೇರೆ. ಒಬ್ಬರು ಮೂಲೆಯಲ್ಲಿ ಮಲಗಿದ್ದರೂ ಲೆಕ್ಕಕ್ಕೆ "ಇದ್ದಾರೆ". ಆಮೇಲೆ, ಎಬ್ಬಿಸಿ ಕೂರಿಸಲು ಇಬ್ಬರು ಬೇಕಾದವರು ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿ. ಇರುವ ಇಬ್ಬರೂ ಒಬ್ಬರ ಹತ್ತಿರ ಇದ್ದಾಗ ಇನ್ನೊಂದು ಕೋಣೆಯ ಬೆಲ್ ಹೊಡೆದರೆ ಯಾರು ಹೋಗುವುದು?

ಬೆಲ್ ನೀವೇ ಒತ್ತಿ, ಗಡಿಯಾರ ನೋಡಿ. ಮ್ಯಾನೇಜರ್ ಪಕ್ಕದಲ್ಲಿದ್ದಾಗ ಬೇಡ.

ಬಚ್ಚಲಿಗೆ ಹೋಗಿ, ಸಹಾಯಕ್ಕೆ ಬೆಲ್ ಹೊಡೆಯಲು ಎಳೆಯುವ ದಾರ ಎಲ್ಲಿದೆ ನೋಡಿ. ಅದು ನೆಲ ಮುಟ್ಟುವಷ್ಟು ಕೆಳಗೆ ಇಳಿಬಿದ್ದಿರಬೇಕು. ಬಿದ್ದವರು ನೆಲದ ಮೇಲಲ್ಲವಾ ಇರುವುದು! ಒರೆಸುವಾಗ ಅಡ್ಡ ಬರುತ್ತದೆ ಅಂತ ಎಷ್ಟೋ ಕಡೆ ಅದನ್ನು ಸುತ್ತಿ ಮೇಲೆ ಗಂಟು ಹಾಕಿರುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹದಿನಾಲ್ಕು ಗಂಟು ಬಿಚ್ಚಿದ್ದೆ. ಮುಂದಿನ ವಾರ ಮತ್ತೆ ಹದಿನಾಲ್ಕು ಇತ್ತು.

ನೀರಿನ ಲೋಟವನ್ನೂ ನೋಡಿ. ಮಲಗಿದವರ ಕೈಗೆ ಎಟಕುವಂತಿದೆಯಾ, ಕೋಣೆಯ ಆ ಕಡೆ ಮೇಜಿನ ಮೇಲಿದೆಯಾ? ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಮ್ಮಿ. ಕಣ್ಣೆದುರು ಲೋಟ ಇಲ್ಲದಿದ್ದರೆ ಕುಡಿಯುವುದೇ ಇಲ್ಲ.

ಭಾನುವಾರ ಸಂಜೆ, ಹೇಳದೆ ಕೇಳದೆ ಇನ್ನೊಂದು ಸಲ ಹೋಗಿ ಬನ್ನಿ.

ಎರಡನೇ ಸೊಸೆ:
ಮೇಲಿನದಕ್ಕೆ ನೂರಕ್ಕೆ ನೂರು. ನನ್ನದೂ ಸೇರಿಸಿ: ಮೂಗು ಬಿಟ್ಟು ಹೋಗಬೇಡಿ. ಒಂದು ಕೋಣೆಯಲ್ಲಿ ಸ್ವಲ್ಪ ವಾಸನೆ ಬಂದರೆ ಅದು ಸಹಜ, ಈಗಷ್ಟೇ ಏನೋ ಆಗಿರುತ್ತದೆ. ಇಡೀ ಕಾರಿಡಾರ್ ಬೆಳಿಗ್ಗೆ ಹನ್ನೊಂದಕ್ಕೂ ಮೂತ್ರದ ವಾಸನೆ ಹೊಡೆದರೆ ಯಾರೂ ಬಟ್ಟೆ ಬದಲಿಸಿಲ್ಲ ಅಂತ ಅರ್ಥ. ಸಿಕ್ಕಾಪಟ್ಟೆ ಸೆಂಟ್ ಹೊಡೆದಿದ್ದರೂ ಅನುಮಾನ ಪಡಿ.

ಊಟದ ಹೊತ್ತಿಗೆ ಹೋಗಿ. ಊಟ ಏನು ಅಂತ ನೋಡಲು ಅಲ್ಲ, ತಟ್ಟೆ ವಾಪಸ್ ಹೋಗುವುದನ್ನು ನೋಡಲು. ತುಂಬಿದ ತಟ್ಟೆಗಳು ಹಾಗೇ ವಾಪಸ್ ಹೋಗುತ್ತಿವೆಯಾ? ಕೈ ನಡುಗುವವರ ಪಕ್ಕ ಯಾರಾದರೂ ಕೂತಿದ್ದಾರಾ?

ನಮ್ಮ ಮಾವನವರ ಹಲ್ಲುಸೆಟ್ಟು ಒಂಬತ್ತು ದಿನ ಕಾಣೆಯಾಗಿತ್ತು. ಯಾರಿಗೂ ಗೊತ್ತೇ ಆಗಲಿಲ್ಲ. "ಇತ್ತೀಚೆಗೆ ಊಟ ಸೇರ್ತಿಲ್ಲ ಅಜ್ಜನಿಗೆ" ಅನ್ನುತ್ತಿದ್ದರು. ಅಗಿಯಲು ಹಲ್ಲೇ ಇಲ್ಲದೆ ಹೇಗೆ ಸೇರುತ್ತದೆ! ಕೊನೆಗೆ ಪಕ್ಕದ ಕೋಣೆಯವರ ಡಬ್ಬಿಯಲ್ಲಿ ಸಿಕ್ಕಿತು.

ಗುಬ್ಬಿ:
ಅಯ್ಯೋ, ಪಕ್ಕದವರು ಹಾಕಿಕೊಂಡಿದ್ದರಾ?

ಎರಡನೇ ಸೊಸೆ:
ಅದನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ರಾತ್ರಿ ಪಾಳಿ:
ಹಲ್ಲಿನ ಡಾಕ್ಟರ್ ಹತ್ತಿರ ಹೇಳಿದರೆ ಸೆಟ್ಟಿನೊಳಗೇ ಹೆಸರು ಹಾಕಿಕೊಡುತ್ತಾರೆ. ಕನ್ನಡಕ, ಕಿವಿಯ ಮಷೀನು, ಬಟ್ಟೆ, ಎಲ್ಲದಕ್ಕೂ ಹೆಸರು ಹಾಕಿಸಿ ಕಳಿಸಿ. ಇನ್ನೊಂದು, ಪ್ರತಿ ತಿಂಗಳು ತೂಕ ನೋಡಿ ಬರೆದಿಡುತ್ತಾರಾ ಕೇಳಿ. ಒಂದೇ ತಿಂಗಳಲ್ಲಿ ನೂರಕ್ಕೆ 5ರಷ್ಟು ತೂಕ ಇಳಿದರೆ ಅದು ಗಂಟೆ ಬಾರಿಸಬೇಕಾದ ವಿಷಯ. 50 ಕೆಜಿ ಇರುವವರಿಗೆ ಎರಡೂವರೆ ಕೆಜಿ. ನೋಡಿದರೆ ಕಾಣಿಸಲ್ಲ, ತೂಕ ಹಾಕಿದರೇ ಗೊತ್ತಾಗುವುದು.

ಹಳೇ ಟೈಪಿಸ್ಟ್:
ಎಲ್ಲರೂ ಬೆಲ್ಲು, ದಾರ, ತೂಕ ಅನ್ನುತ್ತಿದ್ದೀರಿ. ಸಾಕಿ ಸಲಹಿದವರನ್ನು ಕೊನೆಗಾಲದಲ್ಲಿ ಹೊರಗೆ ಬಿಡುವುದು ಸರಿಯಾ ಅಂತ ಒಬ್ಬರೂ ಕೇಳಲಿಲ್ಲ. ಮನೆಗೊಬ್ಬ ಕೇರ್‌ಟೇಕರ್ ಇಟ್ಟರೆ ಆಗುವುದಿಲ್ಲವಾ?

ಗುಬ್ಬಿ:
ಬಂದರು ನೋಡಿ. ಇಷ್ಟು ಹೊತ್ತು ಯಾಕೆ ಬರಲಿಲ್ಲ ಅಂದುಕೊಳ್ಳುತ್ತಿದ್ದೆ.

ಸಾರ್, ನಾನು ಅಮ್ಮನನ್ನು ಮನೆಯಲ್ಲೇ ಏಳು ವರ್ಷ ನೋಡಿಕೊಂಡೆ. ಕೊನೆಯ ಎರಡು ವರ್ಷ ಅವರು ಮಲಗಿದಲ್ಲೇ. ಬೆಡ್‌ಸೋರ್ (ಮಲಗಿ ಮಲಗಿ ಆಗುವ ಹುಣ್ಣು) ಆಗಬಾರದು ಅಂದರೆ ಎರಡು ಗಂಟೆಗೊಮ್ಮೆ ಮಗ್ಗಲು ತಿರುಗಿಸಬೇಕು. ಹನ್ನೆರಡು, ಎರಡು, ನಾಲ್ಕು, ಆರು. ಫೋನಿನಲ್ಲಿ ಅಲಾರಂ ಇಟ್ಟಿದ್ದೆ. ಈಗಲೂ ಎಲ್ಲಾದರೂ ಆ ಟ್ಯೂನ್ ಕೇಳಿದರೆ ಕೈ ತಾನಾಗಿಯೇ ಪಕ್ಕಕ್ಕೆ ಹೋಗುತ್ತದೆ. ಕೇರ್‌ಟೇಕರ್ ಇಟ್ಟೆವು. ಒಂದು ವರ್ಷದಲ್ಲಿ ಐದು ಜನ ಬದಲಾದರು. ಬರದ ದಿನ ನಾನು ಕೆಲಸಕ್ಕೆ ರಜೆ. ಕೊನೆಗೆ ನನ್ನ ಬೆನ್ನೇ ಹೋಯಿತು. ಮನೆಯಲ್ಲೇ ಇಟ್ಟುಕೊಂಡರೆ ಪ್ರೀತಿ, ಹೊರಗೆ ಸೇರಿಸಿದರೆ ಕೈಬಿಟ್ಟ ಹಾಗೆ ಅನ್ನುವ ಮಾತನ್ನು ರಾತ್ರಿ ಎದ್ದು ಮಗ್ಗಲು ತಿರುಗಿಸಿದವರು ಹೇಳಲಿ, ಕೇಳುತ್ತೇನೆ.

ಕೊನೆ ಬೆಂಚು:
ಪಾಪ್‌ಕಾರ್ನ್ ತರುತ್ತೇನೆ.

ಹಳೇ ಟೈಪಿಸ್ಟ್:
ಗುಬ್ಬಿಯವರೇ, ಬೈಯಲು ಬರೆದದ್ದಲ್ಲ. ನನಗೆ 74. ನನ್ನ ಮಗನೂ ಹೀಗೇ ಎಲ್ಲೋ ಕೂತು ಕೇಳುತ್ತಿರಬಹುದು ಅನ್ನಿಸಿತು. ಹೆದರಿಕೆಯಾಯಿತು, ಬರೆದುಬಿಟ್ಟೆ.

ಒಂದು ಮಾತು ಮಾತ್ರ ಅರ್ಧಚಂದ್ರ ಅವರಿಗೆ. ಎರಡು ಜಾಗ ನೋಡಿ ಬಂದೆ ಅಂದಿರಿ. ದೊಡ್ಡಮ್ಮನೂ ಬಂದಿದ್ದರಾ?

ಗುಬ್ಬಿ:
ತಪ್ಪಾಯಿತು ಸಾರ್. ನಾನೂ ಸ್ವಲ್ಪ ಜಾಸ್ತಿ ಬಿಸಿಯಾದೆ.

ಅರ್ಧಚಂದ್ರ:
ಇಲ್ಲ, ಅವರಿಗೆ ಇನ್ನೂ ಹೇಳಿಲ್ಲ. ಒಂದನ್ನು ಗಟ್ಟಿ ಮಾಡಿಕೊಂಡು ಆಮೇಲೆ ನಿಧಾನಕ್ಕೆ ಹೇಳೋಣ ಅಂತ. ಸುಮ್ನೆ ಮೊದಲೇ ಹೇಳಿ ಬೇಜಾರು ಮಾಡುವುದು ಬೇಡ ಅನ್ನಿಸಿತು.

ಎರಡನೇ ಸೊಸೆ:
ಅಯ್ಯೋ ಮಹಾರಾಯರೇ.

ಮೂರು ಮೀಟರ್:
ಇದು ದೊಡ್ಡ ತಪ್ಪು ಸರ್. ಅವರಿಗೆ ಬುದ್ಧಿ ಸರಿಯಾಗಿದೆ ತಾನೇ? ಮರೆವಿನ ಕಾಯಿಲೆ ಏನೂ ಇಲ್ಲವಲ್ಲ? ಹಾಗಿದ್ದರೆ ತೀರ್ಮಾನ ಅವರದು. ನೀವು ಸಹಾಯಕ್ಕೆ ಇರುವವರು ಅಷ್ಟೇ.

ನಾನು ಫಿಸಿಯೋಥೆರಪಿಸ್ಟ್. ಯಾರೂ ಕೇಳದ ಇನ್ನೊಂದು ಪ್ರಶ್ನೆ: ಅವರು ಬಿದ್ದದ್ದು ಯಾಕೆ? ಜಾಗ ಹುಡುಕುವ ಮೊದಲು ಅದನ್ನು ಹುಡುಕಿ. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ತಲೆ ಸುತ್ತಿ ಬೀಳಬಹುದು. ಎಷ್ಟೋ ಸಲ ಅದಕ್ಕೆ ಮಾತ್ರೆಗಳೇ ಕಾರಣ. ಕಣ್ಣಿನ ಪೊರೆ, ಸಡಿಲ ಚಪ್ಪಲಿ, ಕತ್ತಲು, ಎಲ್ಲ ಸೇರಿಕೊಂಡಿರುತ್ತದೆ. ಕಾರಣ ಹಾಗೇ ಇದ್ದರೆ ಕಾರಂಜಿ ಇರುವ ಜಾಗದಲ್ಲೂ ಬೀಳುತ್ತಾರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ನೀವು ಪಕ್ಕದಲ್ಲೇ ಇರಿ.

ಅರ್ಧಚಂದ್ರ:
ಈಗಷ್ಟೇ ಬೈಸಿಕೊಂಡು ಮುಗಿಯಿತು, ಈಗ ಹೋಂವರ್ಕ್ ಬೇರೆ. ಮಾಡುತ್ತೇನೆ ಸರ್. ಬುದ್ಧಿ ಚುರುಕಾಗಿಯೇ ಇದೆ. ನನಗಿಂತ ಜಾಸ್ತಿ.

ಕರಾರು ಓದುವವ:
ತಡವಾಗಿ ಬಂದೆ. ವಕೀಲ. ದಾರದ ಗಂಟಿನ ಹಾಗೆ ಕಾಗದದಲ್ಲೂ ಗಂಟು ಇರುತ್ತವೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಅಸಿಸ್ಟೆಡ್ ಲಿವಿಂಗ್ ಅಂದರೆ ಆಸ್ಪತ್ರೆ ಅಲ್ಲ. ಸ್ನಾನ, ಬಟ್ಟೆ, ಮಾತ್ರೆ, ಊಟ ಇಂಥದ್ದಕ್ಕೆ ಕೈ ಕೊಡುತ್ತಾರೆ. ಹೊತ್ತಿಗೆ ಹೊತ್ತಿಗೆ ನರ್ಸಿಂಗ್ ಬೇಕಾದವರನ್ನು ಇಟ್ಟುಕೊಳ್ಳುವ ವ್ಯವಸ್ಥೆ ಎಲ್ಲ ಕಡೆ ಇರುವುದಿಲ್ಲ. ಹಾಗಾಗಿ ಕರಾರಿನಲ್ಲಿ ನಾನು ಮೊದಲು ಹುಡುಕುವುದು "ಯಾವಾಗ ಹೊರಗೆ ಕಳಿಸುತ್ತೀರಿ" ಅನ್ನುವ ಸಾಲನ್ನು. ಇಂದು ವಾಕರ್ ಹಿಡಿದು ನಡೆಯುವವರು ನಾಳೆ ವೀಲ್‌ಚೇರ್‌ಗೆ ಬಂದರೆ ಇಟ್ಟುಕೊಳ್ಳುತ್ತಾರಾ? ಮರೆವು ಶುರುವಾದರೆ? ಎಷ್ಟು ದಿನದ ನೋಟಿಸ್ ಕೊಡುತ್ತಾರೆ?

ದುಡ್ಡಿನ ವಿಷಯ. ಆರೈಕೆಗೆ ಲೆವೆಲ್ ಅಂತ ಇರುತ್ತದೆ, ಒಂದು, ಎರಡು, ಮೂರು. ಲೆವೆಲ್ ಏರಿದಂತೆ ಬಿಲ್ಲೂ ಏರುತ್ತದೆ. ಏರಿಸುವುದು ಯಾರು, ಯಾವ ಆಧಾರದ ಮೇಲೆ, ಒಪ್ಪದಿದ್ದರೆ ಏನು ದಾರಿ? ಒಬ್ಬರಿಗೆ ಆಸ್ಪತ್ರೆಯಲ್ಲಿ ಮೂರು ವಾರ ಇದ್ದಾಗಲೂ ಊಟದ ಬಿಲ್ ಬಂದಿತ್ತು. ಕರಾರಿನಲ್ಲೇ ಬರೆದಿತ್ತು, ಓದಿರಲಿಲ್ಲ. ತೀರಿಕೊಂಡ ಮೇಲೆ ಕೋಣೆ ಖಾಲಿ ಮಾಡುವವರೆಗೂ ಬಾಡಿಗೆ ಹಿಡಿಯುವವರೂ ಇದ್ದಾರೆ. ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್ ಅನ್ನುವುದು ಬಾಯಿಮಾತಿನಲ್ಲಿ ಬೇಡ, ಬರೆಸಿಕೊಳ್ಳಿ. ಲೈಸೆನ್ಸು, ತಪಾಸಣೆ ವರದಿ ಇದ್ದರೆ ತೋರಿಸಿ ಅನ್ನಿ. ತೋರಿಸಲು ಸಂಕೋಚಪಟ್ಟರೆ ನಿಮಗೆ ಉತ್ತರ ಸಿಕ್ಕಿತು.

ಕರಾರಿನ ಪ್ರತಿಯನ್ನು ಮನೆಗೆ ತಂದು ಓದಿ. "ಇವತ್ತೇ ಸಹಿ ಹಾಕಿ, ಒಂದೇ ಕೋಣೆ ಉಳಿದಿದೆ" ಅಂದರೆ ಎದ್ದು ಬನ್ನಿ.

ಅರ್ಧಚಂದ್ರ:
ಮೊದಲನೆಯವರು ಅದೇ ಮಾತು ಹೇಳಿದರು. "ಒಂದೇ ಕೋಣೆ ಉಳಿದಿದೆ."

ಕೊನೆ ಬೆಂಚು:
ಪಿಯಾನೋ ಪಕ್ಕದ್ದಾ?

ಮೂರು ಮೀಟರ್:
ಲೆವೆಲ್ ವಿಷಯಕ್ಕೆ ಒಂದು ಮಾತು. ಸಿಡ್ನಿ ಕಾಟ್ಜ್ ಅನ್ನುವ ವೈದ್ಯರು ತಮ್ಮ ತಂಡದ ಜೊತೆ 1963ರಲ್ಲಿ ಒಂದು ಅಳತೆಗೋಲು ಪ್ರಕಟಿಸಿದರು. ಆರೇ ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿ ಬರುವುದು, ಮಂಚದಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹತೋಟಿ, ತಾನಾಗಿ ಉಣ್ಣುವುದು. ಇವತ್ತಿಗೂ ಅದೇ ನಡೆಯುತ್ತಿದೆ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ್ನಾನ, ಕೊನೆಗೆ ಉಣ್ಣುವುದು. ಆ ಆರನ್ನು ದೊಡ್ಡಮ್ಮನ ಜೊತೆ ಕೂತು ನೀವೇ ಬರೆದಿಟ್ಟುಕೊಳ್ಳಿ, ತಾರೀಖು ಹಾಕಿ. ಆಮೇಲೆ ಲೆವೆಲ್ ಏರಿಸುತ್ತೇವೆ ಅಂದರೆ ತೋರಿಸಲು ಕೈಯಲ್ಲಿ ಒಂದು ಕಾಗದ ಇರುತ್ತದೆ.

ಮಳೆಹುಳು:
ಎಲ್ಲರೂ ಹೇಳಿದ್ದು ಸರಿ. ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಸೋದರತ್ತೆ ಸೋಮವಾರ ಫೋನಿನಲ್ಲಿ ಚೆನ್ನಾಗಿ ಮಾತಾಡಿದ್ದರು. ಬುಧವಾರ ನನ್ನನ್ನೇ ಯಾರು ಅಂತ ಕೇಳಿದರು. ಅಲ್ಲಿಯವರು "ವಯಸ್ಸಾಯಿತಲ್ಲ, ಮರೆವು ಶುರುವಾಗಿದೆ" ಅಂದರು. ನಾನೂ ನಂಬಿದೆ. ಶುಕ್ರವಾರ ಜ್ವರ ಬಂದಾಗಲೇ ಆಸ್ಪತ್ರೆಗೆ ಹೋದದ್ದು. ಮೂತ್ರದ ಸೋಂಕು. ಔಷಧ ಬಿದ್ದು ವಾರದಲ್ಲಿ ಮತ್ತೆ ನನ್ನ ಹೆಸರು ಕರೆದರು, ಜೊತೆಗೆ ಬುಧವಾರ ಬರಲಿಲ್ಲ ಅಂತ ಬೈದರು. ಬಂದಿದ್ದೆ.

ರಾತ್ರಿ ಪಾಳಿ:
ಇದು ಎಷ್ಟು ಸಲ ಆಗುತ್ತದೆ ಗೊತ್ತಾ? ಮರೆವಿನ ಕಾಯಿಲೆ ತಿಂಗಳು, ವರ್ಷದ ಲೆಕ್ಕದಲ್ಲಿ ಬರುತ್ತದೆ. ಎರಡು ದಿನದಲ್ಲಿ ಬುದ್ಧಿ ಏರುಪೇರಾದರೆ ಅದು ಬೇರೆ. ಸೋಂಕು, ನೀರು ಕಮ್ಮಿಯಾದದ್ದು, ಹೊಸ ಮಾತ್ರೆ, ಮಲಬದ್ಧತೆ ಕೂಡ ಇರಬಹುದು. ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಹಾಗಾಗಿ "ಏನಾದರೂ ಬದಲಾವಣೆ ಕಂಡರೆ ಎಷ್ಟು ಹೊತ್ತಿನಲ್ಲಿ ನನಗೆ ಫೋನ್ ಮಾಡುತ್ತೀರಿ, ಡಾಕ್ಟರನ್ನು ಕರೆಯುವುದು ಯಾರು" ಅಂತ ಕೇಳಿ.

ಹಾಲ್‌ನಲ್ಲಿ ಟಿವಿ ಮುಂದೆ ಬೆಳಿಗ್ಗೆ ಹತ್ತಕ್ಕೇ ಸಾಲಾಗಿ ತಲೆ ತೂಗಿಸುತ್ತಾ ಕೂತಿದ್ದರೆ ನಿದ್ದೆ ಮಾತ್ರೆ ಬಗ್ಗೆಯೂ ಕೇಳಿ. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಮನೋರೋಗದ ಕೆಲವು ಮಾತ್ರೆ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಆದರೂ ಗಲಾಟೆ ಮಾಡುತ್ತಾರೆ ಅಂತ ಕೊಟ್ಟು ಮಲಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬೆಕ್ಕಿನ ಬಾಲ:
ವಿಷಯಾಂತರ. ಇಂಥ ಜಾಗಕ್ಕೆ ಬೆಕ್ಕು ಕರೆದುಕೊಂಡು ಹೋಗಬಹುದಾ? ಅಪ್ಪ ಬರಲು ಒಪ್ಪಿದ್ದಾರೆ, ಬೆಕ್ಕು ಬಿಟ್ಟು ಬರಲ್ಲವಂತೆ.

ಎರಡನೇ ಸೊಸೆ:
ಕೆಲವರು ಬಿಡುತ್ತಾರೆ. ಆದರೆ ಅದರ ಊಟ, ಮಣ್ಣಿನ ಟ್ರೇ ಎಲ್ಲ ಅಪ್ಪನೇ ಮಾಡಬೇಕು ಅನ್ನುತ್ತಾರೆ. ಅಪ್ಪನಿಗೆ ಬಗ್ಗಲು ಆಗುತ್ತಾ?

ಬೆಕ್ಕಿನ ಬಾಲ:
ಬೆಕ್ಕಿಗಾಗಿ ಬಗ್ಗುತ್ತಾರೆ. ತಮ್ಮ ಮಾತ್ರೆ ಡಬ್ಬಿ ಬಿದ್ದರೆ ನನ್ನನ್ನು ಕರೆಯುತ್ತಾರೆ.

ಅರ್ಧಚಂದ್ರ:
ಎರಡು ವಾರ ಆಯಿತು, ಏನಾಯಿತು ಹೇಳುತ್ತೇನೆ.

ಮೊದಲು ದೊಡ್ಡಮ್ಮನಿಗೆ ಹೇಳಿದೆ. ಎರಡು ದಿನ ಫೋನು ಎತ್ತಲಿಲ್ಲ. ಮೂರನೇ ದಿನ ಅವರೇ ಮಾಡಿ, "ಕದ್ದು ನೋಡಿ ಬಂದೆಯಲ್ಲ, ಹೆಣ್ಣು ನೋಡಲು ಹೋಗಿದ್ದೆಯಾ?" ಅಂದರು. ನಾನು ಸುಮ್ಮನಿದ್ದೆ. ನಂತರ, "ಯಾವಾಗ ಕರೆದುಕೊಂಡು ಹೋಗುತ್ತೀಯ?" ಅಂದರು.

ಡಾಕ್ಟರ್ ಹತ್ತಿರ ಹೋದೆವು. ಎದ್ದು ನಿಂತಾಗ ಬಿಪಿ ಇಳಿಯುತ್ತಿತ್ತು. ಒಂದು ಮಾತ್ರೆ ಬದಲಿಸಿದ್ದಾರೆ. ಮೂರು ಮೀಟರ್ ಅವರ ಪರೀಕ್ಷೆ 17 ಸೆಕೆಂಡು. "ಓಡಬೇಕಿತ್ತಾ? ಮೊದಲೇ ಹೇಳಬಾರದಾ" ಅಂದರು.

ಭಾನುವಾರ ಸಂಜೆ ಏಳಕ್ಕೆ ಹೇಳದೆ ಎರಡೂ ಕಡೆ ಹೋಗಿದ್ದೆ. ಮೊದಲನೇ ಜಾಗದಲ್ಲಿ ಪರಿಚಯವಾಗಿದ್ದ ಒಬ್ಬ ಅಜ್ಜನನ್ನು ಕೇಳಿ ಅವರ ಕೋಣೆಯಲ್ಲೇ ಬೆಲ್ ಒತ್ತಿದೆವು. ಹನ್ನೊಂದು ನಿಮಿಷ. ಅಜ್ಜ "ಇವತ್ತು ಬೇಗ ಬಂದರು" ಅಂದರು. ಬಚ್ಚಲ ದಾರ ನಿಜವಾಗಿಯೂ ಮೇಲೆ ಕಟ್ಟಿತ್ತು! ನೋಡಿ ನಗು ಬಂತು, ಆಮೇಲೆ ನಗು ನಿಂತಿತು. ಎರಡನೇ ಜಾಗದಲ್ಲಿ ಮೂರು ನಿಮಿಷದೊಳಗೆ ಬಂದರು. ದಾರ ನೆಲದ ತನಕ ಇತ್ತು, ತುದಿಯಲ್ಲಿ ಕೊಳೆಯಾಗಿತ್ತು.

ಹಾಗಂತ ಎರಡನೆಯದು ಸ್ವರ್ಗ ಅಲ್ಲ. ನೋಡಿಟ್ಟಿದ್ದ ಕೋಣೆಯ ಬಚ್ಚಲ ಬಾಗಿಲಲ್ಲಿ ವಾಕರ್ ತೂರುವುದಿಲ್ಲ. ರಾತ್ರಿ 22 ಜನಕ್ಕೆ ಒಬ್ಬರು ಎಚ್ಚರ, ಇನ್ನೊಬ್ಬರು ಅಲ್ಲೇ ಮಲಗಿರುತ್ತಾರೆ, ಕರೆದರೆ ಏಳಬೇಕು.

ರಾತ್ರಿ ಪಾಳಿ:
22ಕ್ಕೆ ಒಬ್ಬರು ನನಗೆ ಇಷ್ಟ ಆಗಲಿಲ್ಲ. ಎತ್ತಿ ಕೂರಿಸಬೇಕಾದವರು ಎಷ್ಟು?

ಅರ್ಧಚಂದ್ರ:
ಇಬ್ಬರು. ನಾನು ಕೇಳುವ ಮೊದಲೇ ಹೇಳಿದರು. ತೂಕದ ಪುಸ್ತಕವನ್ನೂ ತೋರಿಸಿದರು, ಹೆಸರು ಮುಚ್ಚಿ.

ರಾತ್ರಿ ಪಾಳಿ:
ಹೆಸರು ಮುಚ್ಚಿ ತೋರಿಸಿದರಾ? ಒಳ್ಳೆಯ ಜನ. ಆದರೂ ಮೊದಲು ಒಂದು ತಿಂಗಳ ಮಟ್ಟಿಗೆ ಇದ್ದು ನೋಡಲಿ. ಮನೆ ಖಾಲಿ ಮಾಡಬೇಡಿ.

ಅರ್ಧಚಂದ್ರ:
ಅದೇ ಮಾಡುತ್ತಿದ್ದೇವೆ. ನೆಲಮಹಡಿಯಲ್ಲಿ ಅಗಲ ಬಾಗಿಲಿನ ಕೋಣೆ ಖಾಲಿಯಾಗುವುದು ಒಂದನೇ ತಾರೀಖಿಗೆ. ಅಲ್ಲಿಯವರೆಗೆ ನನ್ನ ತಂಗಿ ರಾತ್ರಿ ಹೋಗಿ ಮಲಗುತ್ತಾಳೆ. ಕರಾರು ಮನೆಗೆ ತಂದಿದ್ದೇನೆ, ವಕೀಲರಿಗೆ ಮೆಸೇಜ್ ಮಾಡುತ್ತೇನೆ.

ಹಳೇ ಟೈಪಿಸ್ಟ್:
ದೊಡ್ಡಮ್ಮ ಅಲ್ಲಿ ಏನು ಕೇಳಿದರು?

ಅರ್ಧಚಂದ್ರ:
ನಾನು ನಾಲ್ಕು ಪುಟ ಪ್ರಶ್ನೆ ಬರೆದುಕೊಂಡು ಹೋಗಿದ್ದೆ ಸಾರ್. ಅವರು ಎರಡೂ ಕಡೆ ಕೇಳಿದ್ದು ಒಂದೇ. "ನನ್ನ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ?"

ಎರಡನೇ ಜಾಗದವರು ತೋರಿಸಿದರು. ಒಳಗಿನಿಂದ ಹಾಕಿಕೊಳ್ಳಬಹುದು, ಏನಾದರೂ ಆದರೆ ಹೊರಗಿನಿಂದ ಕೀಲಿಯಲ್ಲಿ ತೆಗೆಯುತ್ತಾರೆ. ದೊಡ್ಡಮ್ಮ ಮೂರು ಸಲ ಹಾಕಿ ತೆಗೆದು ನೋಡಿದರು. ಮೊದಲನೇ ಜಾಗದಲ್ಲಿ ಮ್ಯಾನೇಜರ್ "ಸುರಕ್ಷತೆಗಾಗಿ ಯಾವ ಕೋಣೆಗೂ ಚಿಲಕ ಇಟ್ಟಿಲ್ಲ ಅಮ್ಮ" ಅಂದರು. ದೊಡ್ಡಮ್ಮ ಏನೂ ಹೇಳಲಿಲ್ಲ. ಹೊರಗೆ ಬರುವಾಗ ಪಿಯಾನೋ ಹತ್ತಿರ ನಿಂತು ಮುಚ್ಚಳ ಎತ್ತಲು ನೋಡಿದರು. ಬರಲಿಲ್ಲ. ಕೀಲಿ ಹಾಕಿತ್ತು. ನನ್ನ ಮುಖ ನೋಡಿ, "ಇದಕ್ಕೆ ಮಾತ್ರ ಇದೆ ನೋಡು" ಅಂದರು.

ಕೊನೆ ಬೆಂಚು:
ದೊಡ್ಡಮ್ಮನಿಗೆ ಇಲ್ಲೊಂದು ಅಕೌಂಟ್ ಮಾಡಿಕೊಡಿ.

ಬೆಕ್ಕಿನ ಬಾಲ:
ಎರಡನೇ ಜಾಗದವರು ಬೆಕ್ಕಿನ ಬಗ್ಗೆ ಏನಾದರೂ ಹೇಳಿದರಾ?